ಬಂದೂಕು ಹಳೆಯದು, ಆಟ ಹೊಸದೇ? ಶೂಟರ್ ಗೇಮ್‌ಗಳ ಹೊಸತನದ ಚರ್ಚೆ

2025ರ ಡಿಸೆಂಬರ್‌ನಲ್ಲಿ ಆ್ಯಕ್ಟಿವಿಷನ್ ಕಂಪನಿ ತನ್ನ ಕಾಲ್ ಆಫ್ ಡ್ಯೂಟಿ ಎಂಬ ಶೂಟರ್ (ಬಂದೂಕು ಹಿಡಿದು ಗುಂಡು ಹಾರಿಸುವ) ಆಟಗಳ ಸರಣಿಯ ಬಗ್ಗೆ ಹೊರಡಿಸಿದ ಪ್ರಕಟಣೆಯೊಂದು ಗೇಮ್ ಆಡುವವರನ್ನು ಗೊಂದಲಕ್ಕೆ ತಳ್ಳಿತು. ಆ ಸರಣಿಯ ಮಾಡರ್ನ್ ವಾರ್‌ಫೇರ್ ಅಥವಾ ಬ್ಲ್ಯಾಕ್ ಆಪ್ಸ್ ಹೆಸರಿನ ಆಟಗಳನ್ನು ಇನ್ನು ಮುಂದೆ ಬೆನ್ನುಬೆನ್ನಿಗೆ ಬಿಡುಗಡೆ ಮಾಡುವುದಿಲ್ಲ, ಚೂರುಪಾರು ಬದಲಾವಣೆಯ ಬದಲು ಅರ್ಥಪೂರ್ಣವಾದ ಹೊಸತನ ತರುತ್ತೇವೆ ಎಂಬುದು ಅದರ ಸಾರಾಂಶ. ಬ್ಲ್ಯಾಕ್ ಆಪ್ಸ್ 7 ಮಾರುಕಟ್ಟೆಗೆ ಬಂದು ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅದಕ್ಕೂ ಮುಂಚೆ, ಅಕ್ಟೋಬರ್ 10ರಂದು ಬಿಡುಗಡೆಯಾದ ಪ್ರತಿಸ್ಪರ್ಧಿ ಬ್ಯಾಟಲ್‌ಫೀಲ್ಡ್ 6, ಮೊದಲ ಮೂರು ದಿನಗಳಲ್ಲೇ 70 ಲಕ್ಷ ಪ್ರತಿಗಳಷ್ಟು ಮಾರಾಟವಾಗಿತ್ತು. ಅದನ್ನು ಮೆಚ್ಚಿದವರಲ್ಲಿ ಹಲವರು ಹೊಗಳಿದ್ದು ಸರಣಿ ತನ್ನ ಹಳೆಯ ಹದಕ್ಕೆ ಮರಳಿದ್ದನ್ನು. ಅಂದರೆ ಒಂದು ಕಂಪನಿ ಹೊಸತನದ ಕೊರತೆಯನ್ನು ಬಹುತೇಕ ಒಪ್ಪಿಕೊಂಡ ಹೊತ್ತಿಗೇ, ಹಳೆಯದನ್ನು ಅಚ್ಚುಕಟ್ಟಾಗಿ ಮಾಡಿದ ಇನ್ನೊಂದು ಕಂಪನಿ ಗೆದ್ದಿತ್ತು.

ಇದು ದೂರದ ಅಮೆರಿಕದ ವ್ಯಾಪಾರದ ಸುದ್ದಿಯಂತೆ ಕಾಣಬಹುದು. ಆದರೆ ಕೋಲಾರ, ಬಂಗಾರಪೇಟೆ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಂತಹ ಊರುಗಳ ಯುವಜನರ ಪಾಲಿಗೆ ಶೂಟರ್ ಆಟವೆಂಬುದು ಸಂಜೆಯ ಹವ್ಯಾಸವಷ್ಟೇ ಆಗಿ ಉಳಿದಿಲ್ಲ. ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ಈ ಜಿಲ್ಲೆಯ ಎಂಜಿನಿಯರಿಂಗ್ ಮತ್ತು ಬಿಸಿಎ ವಿದ್ಯಾರ್ಥಿಗಳಿಗೆ ಗೇಮ್ ತಯಾರಿಕೆ ಈಗ ಒಂದು ಉದ್ಯೋಗದ ದಾರಿಯೂ ಹೌದು. ಯಾವುದು ನಿಜವಾಗಿ ಹೊಸದು, ಯಾವುದು ಬಣ್ಣ ಬದಲಿಸಿದ ಹಳೆಯದು ಎಂಬ ತಿಳಿವಳಿಕೆ ಆಡುವವರಿಗಿಂತ ಹೆಚ್ಚಾಗಿ ಮಾಡಹೊರಟವರಿಗೆ ಬೇಕು.

ಮೂರು ಮಾತು, ಒಂದೇ ಹೆಸರು

ಗೊಂದಲಕ್ಕೆ ಮುಖ್ಯ ಕಾರಣವೆಂದರೆ ಮೂರು ಬೇರೆ ಬೇರೆ ಸಂಗತಿಗಳು ಹೊಸತನವೆಂಬ ಒಂದೇ ಹೆಸರಿನಲ್ಲಿ ಓಡಾಡುತ್ತಿರುವುದು. ತಯಾರಕರು ಹೇಳುವ ಹೊಸತನ ಹೆಚ್ಚಾಗಿ ತಂತ್ರಜ್ಞಾನದ್ದು: ಬೆಳಕು ಹೇಗೆ ಬೀಳುತ್ತದೆ, ಗೋಡೆ ಹೇಗೆ ಒಡೆಯುತ್ತದೆ, ಆಟಗಾರರನ್ನೆಲ್ಲ ಬೆಸೆಯುವ ದೂರದ ಕಂಪ್ಯೂಟರ್, ಅಂದರೆ ಸರ್ವರ್, ಎಷ್ಟು ಬೇಗ ಉತ್ತರಿಸುತ್ತದೆ. ಆಟಗಾರರು ಕೇಳುವ ಹೊಸತನ ನಿಯಮಗಳದ್ದು: ಆಡುವಾಗ ನಾನು ಹಿಂದೆಂದೂ ಎದುರಿಸದ ಸನ್ನಿವೇಶ ಎದುರಾಗುತ್ತಿದೆಯೇ? ಷೇರುದಾರರು ಮೆಚ್ಚುವ ಹೊಸತನ ವ್ಯವಹಾರದ್ದು: ಆಟವನ್ನು ಉಚಿತವಾಗಿ ಕೊಟ್ಟು ಬಂದೂಕಿನ ಬಣ್ಣವನ್ನು, ಪಾತ್ರದ ಉಡುಪನ್ನು, ಸೀಸನ್ ಪಾಸನ್ನು ಮಾರುವುದು. ಒಂದು ಆಟ ಈ ಮೂರರಲ್ಲಿ ಒಂದರಲ್ಲಿ ಮುಂದಿದ್ದು ಉಳಿದೆರಡರಲ್ಲಿ ಇದ್ದಲ್ಲೇ ಇರಬಹುದು. ಹೀಗಾಗಿ ಒಬ್ಬರು ಕ್ರಾಂತಿ ಎಂದದ್ದನ್ನು ಇನ್ನೊಬ್ಬರು ಹಳೆಯ ಸರಕು ಎಂದಾಗ ಇಬ್ಬರ ಮಾತೂ ಸರಿಯಿರುವ ಸಾಧ್ಯತೆ ಇದೆ.

ಈ ಲೇಖನ ನಿಯಮಗಳ ಹೊಸತನಕ್ಕೆ ಹೆಚ್ಚಿನ ತೂಕ ಕೊಡುತ್ತದೆ. ಅದನ್ನು ಅಳೆಯಲು ಒಂದು ಸರಳ ಪರೀಕ್ಷೆಯಿದೆ. ಹತ್ತು ವರ್ಷ ಶೂಟರ್ ಆಡಿ ಕೈ ಪಳಗಿದ ಆಟಗಾರನ ಮುಂದೆ ಹೊಸ ಆಟವನ್ನು ಇಡಬೇಕು. ಅವನ ಹಳೆಯ ಅಭ್ಯಾಸಗಳೆಲ್ಲ ಮೊದಲ ನಿಮಿಷದಿಂದಲೇ ಕೆಲಸಕ್ಕೆ ಬಂದರೆ ಅದು ಪರಿಷ್ಕರಣೆ. ಅವನು ಏನನ್ನಾದರೂ ಮರೆತು ಮತ್ತೆ ಕಲಿಯಬೇಕಾದರೆ ಅಲ್ಲಿ ಹೊಸತನವಿದೆ.

ಐವತ್ತು ವರ್ಷಗಳ ಹಿನ್ನೆಲೆ

ಆಟಗಾರನ ಕಣ್ಣಿನಿಂದಲೇ ಲೋಕವನ್ನು ತೋರಿಸಿ ಗುಂಡು ಹಾರಿಸಲು ಬಿಡುವ ಕಲ್ಪನೆ 1973–74ರಷ್ಟು ಹಳೆಯದು. ಅಮೆರಿಕದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳು ಮೇಜ಼್ ವಾರ್ ಎಂಬ ಆಟವನ್ನು ರೂಪಿಸಿದರು. ಗೆರೆಗಳಲ್ಲಿ ಬರೆದ ಓಣಿಗಳ ಜಾಲದಲ್ಲಿ ಎದುರಾಳಿ ಒಂದು ಕಣ್ಣುಗುಡ್ಡೆಯಾಗಿ ಕಾಣಿಸುತ್ತಿದ್ದ. ಪ್ರಕಾರದ ತಿರುಳು ಅಲ್ಲೇ ಇತ್ತು, ಆದರೆ ಅಂಥ ಕಂಪ್ಯೂಟರ್ ಸಾಮಾನ್ಯ ಜನರ ಕೈಗೆ ಎಟುಕುವಂತಿರಲಿಲ್ಲ.

ಅದು ಮನೆಮನೆಗೆ ಬಂದದ್ದು ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ತಂಡದಿಂದ. 1992ರಲ್ಲಿ ವುಲ್ಫೆನ್‌ಸ್ಟೈನ್ 3ಡಿ, 1993ರ ಡಿಸೆಂಬರ್ 10ರಂದು ಡೂಮ್. ಡೂಮ್‌ನ ವೇಗಕ್ಕೆ ಕಾರಣವಾದ ತಂತ್ರಗಳಲ್ಲಿ ಬೈನರಿ ಸ್ಪೇಸ್ ಪಾರ್ಟಿಷನಿಂಗ್ ಮುಖ್ಯವಾದುದು. ಕಟ್ಟಡವನ್ನು ಮೊದಲೇ ಭಾಗಗಳಾಗಿ ಸೀಳಿಟ್ಟುಕೊಂಡು, ಆಟಗಾರ ನಿಂತ ಜಾಗದಿಂದ ಯಾವ ಗೋಡೆ ಮೊದಲು ಕಾಣುತ್ತದೆ ಎಂಬುದನ್ನು ಕ್ಷಣದಲ್ಲಿ ನಿರ್ಧರಿಸುವ ವಿಧಾನ ಅದು. ಈ ವಿಧಾನವನ್ನು ಐಡಿ ತಂಡದ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕಂಡುಹಿಡಿದದ್ದಲ್ಲ. 1980ರ ಒಂದು ಸಂಶೋಧನಾ ಪ್ರಬಂಧದಲ್ಲೇ ಅದು ಇತ್ತು. ಕಾರ್ಮ್ಯಾಕ್ ಮಾಡಿದ್ದು ಅದನ್ನು ಮನೆಯ ಕಂಪ್ಯೂಟರಿನ ಆಟಕ್ಕೆ ತಂದದ್ದು. ಆಟದ ನಕ್ಷೆ, ಚಿತ್ರ, ಧ್ವನಿಗಳನ್ನು ಪ್ರತ್ಯೇಕ ಕಡತಗಳಲ್ಲಿ ಇಟ್ಟು ಯಾರು ಬೇಕಾದರೂ ಬದಲಿಸಿಕೊಳ್ಳಲು ಬಿಟ್ಟದ್ದು ಅಷ್ಟೇ ದೊಡ್ಡ ಹೆಜ್ಜೆ. ಆಡುವವನೇ ಮಾಡುವವನಾಗುವ ಪರಂಪರೆ ಬೇರೂರಿದ್ದು ಅಲ್ಲಿಂದ.

ಮುಂದಿನ ಮೈಲಿಗಲ್ಲುಗಳನ್ನು ಮೇಲಿನ ಪರೀಕ್ಷೆಗೆ ಒಡ್ಡಿ ನೋಡಬಹುದು. 1998ರ ಹಾಫ್-ಲೈಫ್ ಕ್ವೇಕ್ ಆಟದ ಎಂಜಿನನ್ನೇ (ಆಟವನ್ನು ನಡೆಸುವ ಮೂಲ ತಂತ್ರಾಂಶವನ್ನೇ) ತಿದ್ದಿ ಬಳಸಿತು. ಆದರೆ ಕಥೆ ಹೇಳಲು ಆಟವನ್ನು ನಿಲ್ಲಿಸಿ ಚಲನಚಿತ್ರದ ತುಣುಕು ತೋರಿಸುವ ರೂಢಿಯನ್ನು ಬಿಟ್ಟು, ಎಲ್ಲವೂ ಆಟಗಾರನ ಕಣ್ಣೆದುರೇ ನಡೆಯುವಂತೆ ಮಾಡಿತು. 2001ರ ಹೇಲೋ ಎರಡೇ ಆಯುಧ ಹೊರಲು ಬಿಟ್ಟಿತು, ಜೊತೆಗೆ ತಾನಾಗಿಯೇ ತುಂಬಿಕೊಳ್ಳುವ ರಕ್ಷಾಕವಚ ಕೊಟ್ಟಿತು. ಅಲ್ಲಿಯವರೆಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದ ಆಟಗಾರ ಈಗ ಯಾವುದನ್ನು ಬಿಡಲಿ ಎಂದು ಯೋಚಿಸಬೇಕಾಯಿತು; ಔಷಧದ ಪೆಟ್ಟಿಗೆ ಹುಡುಕುತ್ತಿದ್ದವನು ಮರೆಯಲ್ಲಿ ಕುಳಿತು ಕಾಯುವುದನ್ನು ಕಲಿತ. 2007ರ ಪೋರ್ಟಲ್‌ನಲ್ಲಿ ಕೈಯಲ್ಲಿರುವ ಸಾಧನ ಯಾರನ್ನೂ ಕೊಲ್ಲುವುದಿಲ್ಲ, ಎರಡು ಜಾಗಗಳನ್ನು ಬೆಸೆಯುತ್ತದೆ. 2016ರ ಸೂಪರ್‌ಹಾಟ್‌ನಲ್ಲಿ ಆಟಗಾರ ಚಲಿಸಿದಾಗ ಮಾತ್ರ ಕಾಲ ಮುಂದಕ್ಕೆ ಸಾಗುತ್ತದೆ, ನಿಂತರೆ ಗುಂಡುಗಳೂ ಗಾಳಿಯಲ್ಲಿ ಬಹುತೇಕ ನಿಲ್ಲುತ್ತವೆ. ಚುರುಕಾದ ಕೈಗಿಂತ ತಾಳ್ಮೆಯೇ ಅಲ್ಲಿ ಆಯುಧ. ಇಷ್ಟು ಪೂರ್ಣವಾಗಿ ಹಳೆಯ ಅಭ್ಯಾಸವನ್ನು ಕಳಚಿಸಿದ ಶೂಟರ್ ಇನ್ನೊಂದಿಲ್ಲ ಎಂದರೂ ಸಲ್ಲುತ್ತದೆ.

ಒಂದು ಸುತ್ತಿನ ಒಳಗೆ

ನಿಯಮವೊಂದು ಆಟವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಕೌಂಟರ್-ಸ್ಟ್ರೈಕ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ಹಾಫ್-ಲೈಫ್ ಮೇಲೆ ಕಟ್ಟಿದ ಮಾರ್ಪಾಟು ಅದು. 2000ದಲ್ಲಿ ವಾಲ್ವ್ ಕಂಪನಿ ಅದನ್ನು ತನ್ನದಾಗಿಸಿಕೊಂಡು ಮಾರಾಟಕ್ಕೆ ತಂದಿತು. ಬಂದೂಕುಗಳಾಗಲೀ ಎಂಜಿನ್ ಆಗಲೀ ಹೊಸದಲ್ಲ. ಹೊಸದಾಗಿದ್ದದ್ದು ಎರಡು ನಿಯಮಗಳ ಜೋಡಣೆ. ಸತ್ತವರು ಆ ಸುತ್ತು ಮುಗಿಯುವವರೆಗೆ ಮರಳಿ ಬರುವಂತಿಲ್ಲ. ಆಯುಧವನ್ನು ದುಡಿದ ಹಣದಿಂದಲೇ ಕೊಳ್ಳಬೇಕು.

ಇಂದಿನ ಆವೃತ್ತಿಯ ಸ್ಪರ್ಧಾತ್ಮಕ ಪಂದ್ಯದಲ್ಲಿ ಐವರ ಒಂದು ತಂಡ ಬಾಂಬ್ ಇಡಲು ನೋಡುತ್ತದೆ, ಐವರ ಇನ್ನೊಂದು ತಂಡ ಅದನ್ನು ತಡೆಯುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಆಟದೊಳಗಿನ 800 ಡಾಲರ್ ಇರುತ್ತದೆ. ಎಕೆ-47ಕ್ಕೆ 2,700, ದೂರದಿಂದ ಒಂದೇ ಗುಂಡಿಗೆ ಉರುಳಿಸುವ ಎಡಬ್ಲ್ಯುಪಿ ರೈಫಲ್‌ಗೆ 4,750. ಆದ್ದರಿಂದ ಮೊದಲ ಸುತ್ತು ಪಿಸ್ತೂಲಿನಲ್ಲೇ ನಡೆಯುತ್ತದೆ. ಸೋತ ತಂಡದ ಮುಂದೆ ಈಗ ಒಂದು ಲೆಕ್ಕಾಚಾರವಿದೆ: ಇದ್ದ ಹಣವನ್ನು ಅರೆಬರೆ ಆಯುಧಕ್ಕೆ ಸುರಿದು ಎರಡನೆಯ ಸುತ್ತನ್ನು ಉಳಿಸಿಕೊಳ್ಳಲು ಹೋರಾಡುವುದೋ, ಅಥವಾ ಆ ಸುತ್ತನ್ನು ಬಿಟ್ಟುಕೊಟ್ಟು ಉಳಿತಾಯ ಮಾಡಿ ಮುಂದಿನ ಸುತ್ತಿಗೆ ಐವರೂ ಪೂರ್ಣ ಸಜ್ಜಾಗಿ ಬರುವುದೋ? ಐವರಲ್ಲಿ ಒಬ್ಬ ಒಪ್ಪಂದ ಮುರಿದು ಖರ್ಚು ಮಾಡಿದರೂ ಯೋಜನೆ ಕೆಡುತ್ತದೆ. ಬಾಂಬ್ ಇಟ್ಟ ಮೇಲೆ ಸಿಡಿಯಲು 40 ಸೆಕೆಂಡು. ಕೊನೆಗೆ ಉಳಿದ ಒಬ್ಬ ರಕ್ಷಕ ಮೂವರು ಎದುರಾಳಿಗಳನ್ನು ಎದುರಿಸಿ ಬಾಂಬ್ ನಿಷ್ಕ್ರಿಯಗೊಳಿಸಲು ನುಗ್ಗಬಹುದು, ಇಲ್ಲವೇ ಕೈಯಲ್ಲಿರುವ ದುಬಾರಿ ರೈಫಲ್ಲನ್ನು ಮುಂದಿನ ಸುತ್ತಿಗೆ ಉಳಿಸಿಕೊಂಡು ಮೂಲೆಯಲ್ಲಿ ಅಡಗಿ ಆ ಸುತ್ತನ್ನು ಸೋಲಬಹುದು. ಗುಂಡು ಹಾರಿಸುವ ಆಟದಲ್ಲಿ ಗುಂಡು ಹಾರಿಸದೆ ಅಡಗುವುದೇ ಜಾಣತನವಾಗುವ ಈ ಸ್ಥಿತಿಯನ್ನು ಹುಟ್ಟಿಸಿದ್ದು ಗ್ರಾಫಿಕ್ಸ್ ಅಲ್ಲ, ಆ ಎರಡು ನಿಯಮಗಳು.

ಕಾಣದ ಕೆಲಸ

ಇಲ್ಲಿಗೆ ನಿಲ್ಲಿಸಿದರೆ ತಂತ್ರಜ್ಞರಿಗೆ ಅನ್ಯಾಯವಾಗುತ್ತದೆ. ಹಳೆಯ ಅಭ್ಯಾಸ ಮುರಿಯುವ ಪರೀಕ್ಷೆಗೆ ಒಂದು ಮಿತಿಯಿದೆ: ಆಟಗಾರನ ಅನುಭವಕ್ಕೇ ಬಾರದಂತೆ ಕೆಲಸ ಮಾಡುವ ಹೊಸತನವನ್ನು ಅದು ಹಿಡಿಯಲಾರದು. ಕೋಲಾರದಂತಹ ಊರಿನಲ್ಲಿ ಕುಳಿತು ಆಡುವವರಿಗೆ ಆ ಬಗೆಯ ಹೊಸತನವೇ ಎಲ್ಲಕ್ಕಿಂತ ಮುಖ್ಯವಾದದ್ದು.

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ಕೋಲಾರದಿಂದ ಮುಂಬೈ ಸರ್ವರಿಗೆ ಸುಮಾರು ಸಾವಿರ ಕಿ.ಮೀ. ಎಂದಿಟ್ಟುಕೊಂಡರೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕು. ಮೂರು ಸಾವಿರ ಕಿ.ಮೀ.ಗೂ ಆಚೆಯ ಸಿಂಗಪುರವಾದರೆ ಕನಿಷ್ಠ 30. ರೂಟರ್‌ಗಳು, ಮೊಬೈಲ್ ಟವರಿನ ದಟ್ಟಣೆ, ಸುತ್ತುಬಳಸಿನ ಕೇಬಲ್ ದಾರಿ ಸೇರಿದಾಗ ವಾಸ್ತವದಲ್ಲಿ ಇದು ಹಲವು ಪಟ್ಟಾಗುತ್ತದೆ. ಯಾವ ಕಂಪನಿಯೂ ಬೆಳಕಿನ ವೇಗವನ್ನು ಹೆಚ್ಚಿಸಲಾರದು; ಸಾಧ್ಯವಿರುವುದು ವಿಳಂಬವನ್ನು ಮರೆಮಾಡುವುದು ಮಾತ್ರ.

1996ರ ಕೊನೆಯಲ್ಲಿ ಬಂದ, ಕ್ವೇಕ್ ಆಟವನ್ನು ಅಂತರ್ಜಾಲದಲ್ಲಿ ಆಡಲು ತಿದ್ದಿದ ಆವೃತ್ತಿಯಾದ ಕ್ವೇಕ್‌ವರ್ಲ್ಡ್ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ ಇಟ್ಟಿತು. ಮುಂದಕ್ಕೆ ನಡೆಯುವ ಗುಂಡಿ ಒತ್ತಿದ ಕೂಡಲೇ ಆಟಗಾರನ ಯಂತ್ರವೇ ಊಹಿಸಿ ಪಾತ್ರವನ್ನು ನಡೆಸುತ್ತದೆ, ಸರ್ವರಿನ ಉತ್ತರ ಬಂದಾಗ ವ್ಯತ್ಯಾಸವಿದ್ದರೆ ತಿದ್ದಿಕೊಳ್ಳುತ್ತದೆ. ಆಮೇಲೆ ವಾಲ್ವ್ ಬಳಸಿದ ವಿಳಂಬ ಪರಿಹಾರ ವಿಧಾನ ಇನ್ನೂ ಸೂಕ್ಷ್ಮವಾದದ್ದು. ಗುಂಡು ಹಾರಿಸಿದ ಸಂದೇಶ ತಲುಪಿದಾಗ ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ, ಹಾರಿಸಿದವನ ಪರದೆಯ ಮೇಲೆ ಆ ಕ್ಷಣ ಎದುರಾಳಿ ಎಲ್ಲಿ ಕಾಣುತ್ತಿದ್ದ ಎಂದು ನೋಡಿ ತೀರ್ಪು ಕೊಡುತ್ತದೆ. ಗೋಡೆಯ ಹಿಂದೆ ಸರಿದ ಮೇಲೂ ಸತ್ತೆ ಎಂದು ಆಟಗಾರರು ಆಗಾಗ ದೂರುವುದಕ್ಕೆ ಕಾರಣ ಇದೇ. ಒಬ್ಬನಿಗೆ ನ್ಯಾಯ ಕೊಡಲು ಹೋದಾಗ ಇನ್ನೊಬ್ಬನಿಗೆ ಸ್ವಲ್ಪ ಅನ್ಯಾಯವಾಗುತ್ತದೆ, ಆ ಅನ್ಯಾಯವನ್ನು ಎಷ್ಟು ಕಿರಿದಾಗಿಸಬಹುದು ಎಂಬುದೇ ಎಂಜಿನಿಯರುಗಳ ಹೋರಾಟ.

2020ರ ಜೂನ್ 2ರಂದು ಬಿಡುಗಡೆಯಾದ ವ್ಯಾಲರಂಟ್ ಎಂಬ ಶೂಟರ್ ಬಗೆಗಿನ ಚರ್ಚೆಗೆ ಈ ಹಿನ್ನೆಲೆ ಬೇಕು. ಐವರ ಎದುರು ಐವರು, ಹಣ ಕೊಟ್ಟು ಆಯುಧ, ಬಾಂಬಿನ ಜಾಗದಲ್ಲಿ ಸ್ಪೈಕ್: ಇವೆಲ್ಲ ಕೌಂಟರ್-ಸ್ಟ್ರೈಕ್‌ನಿಂದ ಬಂದವು. ಪ್ರತಿ ಪಾತ್ರಕ್ಕೂ ವಿಶೇಷ ಶಕ್ತಿ ಎಂಬುದು ಓವರ್‌ವಾಚ್‌ನಂತಹ ಆಟಗಳಲ್ಲಿ ಆಗಲೇ ಜನಪ್ರಿಯವಾಗಿತ್ತು. ವಿರೋಧಿಗಳು ಇದನ್ನು ಎರಡು ಆಟಗಳ ಕಸಿ ಎಂದರು. ನಿಯಮದ ಮಟ್ಟದಲ್ಲಿ ಅವರ ಮಾತಿನಲ್ಲಿ ಹುರುಳಿದೆ. ಆದರೆ ಸೆಕೆಂಡಿಗೆ 128 ಬಾರಿ ಲೆಕ್ಕ ಹಾಕುವ ಸರ್ವರುಗಳನ್ನು ಉಚಿತ ಆಟವೊಂದರಲ್ಲಿ ಎಲ್ಲರಿಗೂ ಕೊಟ್ಟದ್ದು ಸಣ್ಣ ಸಂಗತಿಯಲ್ಲ. 64 ಬಾರಿಯ ಲೆಕ್ಕದಲ್ಲಿ ಎರಡು ಗಣನೆಗಳ ನಡುವೆ 15.6 ಮಿಲಿಸೆಕೆಂಡು ಅಂತರವಿದ್ದರೆ, 128ರಲ್ಲಿ ಅದು 7.8ಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ಕಾಯುತ್ತಾ ನಿಂತವನಿಗೆ, ಹೊರಕ್ಕೆ ಜಿಗಿದು ಬಂದವನ ಎದುರು ಸಿಗುವ ನ್ಯಾಯ ಈ ಅಂತರವನ್ನೂ ಅವಲಂಬಿಸಿದೆ.

ಜೋಡಣೆಯೂ ಹೊಸತನವೇ?

ಪ್ರತಿಯೊಂದು ಭಾಗವೂ ಹಳೆಯದಾಗಿದ್ದರೆ ಇಡೀ ಆಟವನ್ನು ಹೊಸದೆನ್ನಬಹುದೇ ಎಂಬುದು ಈ ವಾದದ ಅತಿ ಬಿಗಿಯಾದ ಗಂಟು. ಕೋಲಾರದವರಿಗೆ ಇದಕ್ಕೆ ಉತ್ತರ ತಮ್ಮ ಜಿಲ್ಲೆಯ ಇತಿಹಾಸದಲ್ಲೇ ಸಿಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ಉದ್ದದ ತಂತಿಯ ಮೂಲಕ ವಿದ್ಯುತ್ ಬಂತು. ನೀರಿನಿಂದ ವಿದ್ಯುತ್ ತೆಗೆಯುವುದು ಹೊಸದಾಗಿರಲಿಲ್ಲ, ತಂತಿಯಲ್ಲಿ ಸಾಗಿಸುವುದೂ ಹೊಸದಾಗಿರಲಿಲ್ಲ. ಆದರೂ ಅಷ್ಟು ದೂರಕ್ಕೆ ತಂದು ಗಣಿಯ ಯಂತ್ರಗಳಿಗೆ ಜೋಡಿಸಿದಾಗ ಸೌದೆ, ಕಲ್ಲಿದ್ದಲು, ಉಗಿಯಂತ್ರಗಳ ಮೇಲೆ ನಿಂತಿದ್ದ ಗಣಿಗಾರಿಕೆಯ ಲೆಕ್ಕವೇ ಬದಲಾಯಿತು. ಜೋಡಣೆಯನ್ನು ಅಳೆಯಬೇಕಾದದ್ದು ಬಿಡಿ ಭಾಗಗಳ ವಯಸ್ಸಿನಿಂದ ಅಲ್ಲ, ಜೋಡಿಸಿದ ಮೇಲೆ ಏನು ಬದಲಾಯಿತು ಎಂಬುದರಿಂದ.

ಈ ಮಾನದಂಡ ಎರಡೂ ಕಡೆಗೆ ಕಡಿಯುತ್ತದೆ. ಸೋನಿಯ ಕಾಂಕರ್ಡ್ ಎಂಬ ಶೂಟರ್ 2024ರ ಆಗಸ್ಟ್ 23ರಂದು ಬಿಡುಗಡೆಯಾಗಿ ಸೆಪ್ಟೆಂಬರ್ 6ರಂದು ಬಂದ್ ಆಯಿತು. ಕೊಂಡವರಿಗೆ ಹಣ ಮರಳಿಸಲಾಯಿತು. ಅದರ ಚಿತ್ರಣದಲ್ಲಿ, ಬಂದೂಕುಗಳ ಹದದಲ್ಲಿ ದೊಡ್ಡ ಲೋಪವಿರಲಿಲ್ಲ. ಆದರೆ ಉಚಿತವಾಗಿ ಸಿಗುವ ಆಟಗಳಲ್ಲಿ ಆಗಲೇ ಇದ್ದುದನ್ನು ಹಣ ಕೊಟ್ಟು ಮತ್ತೆ ಕಲಿಯಲು ಆಟಗಾರರಿಗೆ ಕಾರಣ ಸಿಗಲಿಲ್ಲ. ಜೋಡಣೆ ಅಲ್ಲಿಯೂ ಇತ್ತು, ಅದರಿಂದ ಏನೂ ಬದಲಾಗಲಿಲ್ಲ.

ದೊಡ್ಡವರು ಏಕೆ ಹಿಂಜರಿಯುತ್ತಾರೆ

ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದಕ್ಕೆ ಸಲ್ಲಿಕೆಯಾದ ದಾಖಲೆಗಳ ಪ್ರಕಾರ, 2020ರ ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್ ಆಟಕ್ಕೆ ಅದರ ಇಡೀ ಅವಧಿಯಲ್ಲಿ ತಗುಲಿದ ವೆಚ್ಚ ಸುಮಾರು 70 ಕೋಟಿ ಡಾಲರ್. ಇಷ್ಟು ಹಣ ಹೂಡಿದವರು ಆಟಗಾರನ ಹಳೆಯ ಅಭ್ಯಾಸವನ್ನು ಮುರಿಯಲು ಹೆದರುವುದು ಸಹಜ, ಏಕೆಂದರೆ ಆ ಅಭ್ಯಾಸವೇ ಅವರ ಆಸ್ತಿ. ಪ್ರತಿ ವರ್ಷ ಒಂದು ಆಟ ಕೊಡಲೇಬೇಕಾದ ಒತ್ತಡದಲ್ಲಿ ಹಲವು ಸ್ಟುಡಿಯೊಗಳು ಸರದಿಯ ಮೇಲೆ ದುಡಿಯುತ್ತವೆ; ಪ್ರಯೋಗ ಮಾಡಿ, ಕೆಟ್ಟದ್ದನ್ನು ಎಸೆದು, ಮತ್ತೆ ಮಾಡುವಷ್ಟು ಸಮಯ ಉಳಿಯುವುದಿಲ್ಲ. 2022 ಮತ್ತು 2023ರಲ್ಲಿ ಮಾಡರ್ನ್ ವಾರ್‌ಫೇರ್, 2024 ಮತ್ತು 2025ರಲ್ಲಿ ಬ್ಲ್ಯಾಕ್ ಆಪ್ಸ್ ಎಂದು ಜೋಡಿಯಾಗಿ ಬಂದದ್ದನ್ನು ಈ ಒತ್ತಡದಿಂದ ಬೇರ್ಪಡಿಸಿ ನೋಡಲಾಗದು. ಡಿಸೆಂಬರ್‌ನ ಪ್ರಕಟಣೆ ಹೆಸರಿನ ಸರದಿಯನ್ನು ಬದಲಿಸುವ ಮಾತು ಆಡಿದೆ. ವಾರ್ಷಿಕ ಬಿಡುಗಡೆಯನ್ನು ಕೈಬಿಡುವ ಮಾತು ಅದರಲ್ಲಿಲ್ಲ. ಹೊಸತನಕ್ಕೆ ಬೇಕಾದ ಕಾಲಾವಕಾಶ ಸಿಗದ ಹೊರತು ಭರವಸೆಯ ಬಹುಪಾಲು ಜಾಹೀರಾತಿನಲ್ಲೇ ಉಳಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ಬದಿಯಲ್ಲಿ ನಿಯಮದ ಹೊಸತನ ಎಲ್ಲಿಂದ ಬಂದಿದೆ ಎಂದು ನೋಡಿ. ಕೌಂಟರ್-ಸ್ಟ್ರೈಕ್ ಇಬ್ಬರ ಕೆಲಸ. ಪೋರ್ಟಲ್‌ಗೆ ಮೂಲವಾದದ್ದು ವಿದ್ಯಾರ್ಥಿಗಳು ತಮ್ಮ ಕಾಲೇಜಿನಲ್ಲಿ ಮಾಡಿದ ಆಟ. ಸೂಪರ್‌ಹಾಟ್ ಮೊಳೆತದ್ದು 2013ರಲ್ಲಿ, ಏಳು ದಿನಗಳಲ್ಲಿ ಶೂಟರ್ ಮಾಡುವ ಸವಾಲೊಂದರಲ್ಲಿ. ಕಳೆದುಕೊಳ್ಳಲು ಏನೂ ಇಲ್ಲದವರು ನಿಯಮ ಮುರಿದರು, ಅವುಗಳಲ್ಲಿ ಕೆಲವನ್ನು ಹಣವಿದ್ದವರು ತಮ್ಮದಾಗಿಸಿಕೊಂಡು ಬೆಳೆಸಿದರು.

ಅನುಕರಣೆ ಮತ್ತು ಕಾನೂನು

ಹೊಸ ನಿಯಮ ಕಂಡುಹಿಡಿದವರಿಗೆ ರಕ್ಷಣೆ ಇಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಭಾರತದ ಪೇಟೆಂಟ್ ಕಾಯ್ದೆ, 1970ರ ಸೆಕ್ಷನ್ 3(ಎಂ) ಆಟ ಆಡುವ ವಿಧಾನವನ್ನು ಆವಿಷ್ಕಾರವೆಂದು ಒಪ್ಪುವುದಿಲ್ಲ. 3(ಕೆ) ಕೇವಲ ಕಂಪ್ಯೂಟರ್ ಪ್ರೋಗ್ರಾಮ್ ಮತ್ತು ಅಲ್ಗಾರಿದಮ್‌ಗಳನ್ನು ಹೊರಗಿಡುತ್ತದೆ. ಕೃತಿಸ್ವಾಮ್ಯ ಕಾಯ್ದೆ ಕೋಡ್, ಚಿತ್ರ, ಸಂಗೀತ, ಸಂಭಾಷಣೆಗಳನ್ನು ಕಾಪಾಡುತ್ತದೆಯೇ ಹೊರತು ಕಲ್ಪನೆಯನ್ನಲ್ಲ. ಆದ್ದರಿಂದ ಇನ್ನೊಬ್ಬರ ನಕ್ಷೆ ಅಥವಾ ಪಾತ್ರಚಿತ್ರವನ್ನು ಕದಿಯುವುದು ಅಪರಾಧ, ಸುತ್ತು ಮುಗಿಯುವವರೆಗೆ ಮರಳಿ ಬರುವಂತಿಲ್ಲ ಎಂಬ ನಿಯಮವನ್ನು ಬಳಸುವುದು ಅಪರಾಧವಲ್ಲ. ಅಮೆರಿಕ, ಜಪಾನ್‌ಗಳಲ್ಲಿ ಕೆಲವು ಆಟದ ವ್ಯವಸ್ಥೆಗಳಿಗೆ ಪೇಟೆಂಟ್ ಸಿಕ್ಕಿದ್ದುಂಟು.

ಈ ಮುಕ್ತತೆ ಒಂದು ವಿಚಿತ್ರ ಪರಿಣಾಮಕ್ಕೆ ದಾರಿ ಮಾಡಿದೆ. ಒಳ್ಳೆಯ ನಿಯಮ ಕೆಲವೇ ವರ್ಷಗಳಲ್ಲಿ ಎಲ್ಲ ಆಟಗಳಿಗೂ ಹರಡಿ ಸಾಮಾನ್ಯವಾಗಿಬಿಡುತ್ತದೆ. ತಾನಾಗಿಯೇ ತುಂಬಿಕೊಳ್ಳುವ ರಕ್ಷಣೆ ಇಂದು ಎಷ್ಟು ರೂಢಿಯಾಗಿದೆಯೆಂದರೆ ಹೇಲೋ ಆಡಿ ನೋಡುವ ಹದಿಹರೆಯದವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹಾಗೆಂದು ಅನುಕರಣೆಗೆ ಬೇಲಿ ಹಾಕಿದ್ದರೆ ಕೌಂಟರ್-ಸ್ಟ್ರೈಕ್ ಕೂಡ ಹುಟ್ಟುತ್ತಿರಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಮುಂದೇನು

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯ ನಂತರ ಎಲ್ಲ ಆನ್‌ಲೈನ್ ಆಟಗಳಿಗೂ ನಿಷೇಧ ಬಂತೆಂದು ಪೋಷಕರಲ್ಲಿ ಕೆಲವರು ತಿಳಿದಿದ್ದಾರೆ. ಕಾಯ್ದೆ ತಡೆದಿರುವುದು ಹಣ ಪಣವಿಟ್ಟು ಹಣ ಗೆಲ್ಲುವ ಆಟಗಳನ್ನು. ಇ-ಸ್ಪೋರ್ಟ್ಸ್‌ಗೆ (ಸ್ಪರ್ಧೆಯಾಗಿ ಆಡುವ ವಿಡಿಯೊ ಆಟಗಳಿಗೆ) ಅದು ಮಾನ್ಯತೆ ಕೊಟ್ಟಿದೆ. ಹಣದ ಪಣವಿಲ್ಲದ ಶೂಟರ್ ಆಟ ಮಾಡುವುದಕ್ಕೂ ಆಡುವುದಕ್ಕೂ ಅಡ್ಡಿಯಿಲ್ಲ.

ಕರ್ನಾಟಕ 2012ರಲ್ಲೇ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ. 2024–29ರ ಹೊಸ ನೀತಿಯೂ ಜಾರಿಯಲ್ಲಿದೆ. ಉದ್ಯಮ ಮಾತ್ರ ಬೆಂಗಳೂರಿನಲ್ಲೇ ಬೇರು ಬಿಟ್ಟಿದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಶೂಟರ್ ಆರಿಸಿಕೊಂಡಾಗ ದೊಡ್ಡ ಆಟದ ನೋಟವನ್ನು ನಕಲು ಮಾಡುವ ಸೆಳೆತಕ್ಕೆ ಸಿಗುವುದು ಸುಲಭ. ಕೊಂಡುತಂದ ಬಂದೂಕಿನ ಮಾದರಿ, ಕೊಂಡುತಂದ ಸೈನಿಕ, ಹೊಳೆಯುವ ನೆರಳು-ಬೆಳಕು ಇದ್ದರೆ ಪರೀಕ್ಷಕರು ಮೆಚ್ಚುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಆ ಸ್ಪರ್ಧೆಯಲ್ಲಿ 70 ಕೋಟಿ ಡಾಲರ್ ಎದುರು ನಾಲ್ವರು ವಿದ್ಯಾರ್ಥಿಗಳು ಗೆಲ್ಲಲಾರರು. ನಿಯಮದ ಪ್ರಯೋಗಕ್ಕಾದರೆ ಸಾಧನ ಕೈಗೆಟುಕುತ್ತದೆ: ಆಟ ಕಟ್ಟಲು ಬಳಸುವ ಗೊಡೊ ಎಂಜಿನ್ ಸಂಪೂರ್ಣ ಉಚಿತ, ಅನ್‌ರಿಯಲ್ ಎಂಜಿನ್‌ಗೆ ಆದಾಯ ಹತ್ತು ಲಕ್ಷ ಡಾಲರ್ ದಾಟುವವರೆಗೆ ರಾಯಧನವಿಲ್ಲ. ಬೂದು ಬಣ್ಣದ ಪೆಟ್ಟಿಗೆಗಳನ್ನೇ ಗೋಡೆಗಳೆಂದು ಇಟ್ಟು ಒಂದೇ ಒಂದು ನಿಯಮವನ್ನು ಬದಲಿಸಿ ನೋಡಲು ಸಾಧಾರಣ ಲ್ಯಾಪ್‌ಟಾಪ್ ಸಾಕು.

ಅಂಥ ಪ್ರಾಜೆಕ್ಟಿಗೆ ಅಂಕ ಕೊಡುವ ಅಧ್ಯಾಪಕರು ಸ್ಲೈಡುಗಳನ್ನು ಬದಿಗಿಟ್ಟು, ತರಗತಿಯಲ್ಲೇ ಇರುವ ಪಳಗಿದ ಆಟಗಾರರೊಬ್ಬರ ಕೈಗೆ ಕೀಬೋರ್ಡ್ ಕೊಟ್ಟು, ಮೊದಲ ಹತ್ತು ನಿಮಿಷ ಅವರ ಕೈ ಎಲ್ಲಿ ತಡವರಿಸುತ್ತದೆ, ಎಲ್ಲಿ ನಿಂತು ಯೋಚಿಸುತ್ತದೆ ಎಂದು ಬರೆದುಕೊಂಡರೆ ಮೌಲ್ಯಮಾಪನದ ಬಹುಪಾಲು ಕೆಲಸ ಅಲ್ಲೇ ಮುಗಿಯುತ್ತದೆ.